ಬಾನೆಟ್ಟಿನ ಕೆಳಗಿನ ಎರೆಮಣ್ಣು

ಗದಗ-ಬೆಟಗೇರಿಯ ಓಣಿ. ರವಿವಾರ, ಮುಂಜಾನೆ ಎಂಟು. ನಳ ಬಂದಿದೆ, ಮನೆಮನೆಯ ಮುಂದೆ ಕೊಡಗಳ ಸಾಲು. ಎಲ್ಲೋ ಒಳಗಿನ ಮನೆಯಲ್ಲಿ ಮಗ್ಗ ಆಗಲೇ ಶುರುವಾಗಿದೆ. ನಿಮ್ಮ ಕಾರು ರಾತ್ರಿಯಿಡೀ ಬೇವಿನ ಗಿಡದ ಬುಡದಲ್ಲಿ ನಿಂತು ತಣ್ಣಗಾಗಿದೆ. ಬಾನೆಟ್ ಮೇಲೆ ಕೂತ ಧೂಳಿನಲ್ಲಿ ಬೆಕ್ಕು ನಡೆದುಹೋದ ಗುರುತು ಒಂದೊಂದೂ ಎಣಿಸುವಷ್ಟು ಸ್ಪಷ್ಟ.

ನಿನ್ನೆಯ ಸುತ್ತಾಟದ ಧೂಳು ಅದು. ಮುಳಗುಂದದ ಮೇಲೆ ಲಕ್ಷ್ಮೇಶ್ವರ, ಅಲ್ಲಿಂದ ಮಾಗಡಿ ಕೆರೆ, ಶಿರಹಟ್ಟಿ, ಮುಂಡರಗಿ, ಕೊನೆಗೆ ಡಂಬಳ ದಾಟಿ ಮನೆ. 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮಾಗಡಿ ಕೆರೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಂಡುಗಟ್ಟಿ ಹೊಲಗಳತ್ತ ಹಾರುತ್ತಿದ್ದವು. ಹಿಮಾಲಯದ ತೆಳುಗಾಳಿಯಲ್ಲಿ ಉಸಿರಾಡುತ್ತ ದಾಟಿ ಬಂದ ಹಕ್ಕಿಗಳು! ನಿಮ್ಮ ಕಾರಿಗೋ, ಮುಂಡರಗಿ ದಾಟಿದ ಮೇಲಿನ ಸಣ್ಣ ಏರಿಗೇ ಉಬ್ಬಸ. ಕಾಲು ಒತ್ತಿದರೂ ಪಿಕಪ್ ಇಲ್ಲ. ಮುಂದಿದ್ದ ಮೇವಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಮೂರು ಸಲ ನೋಡಿ ಮೂರು ಸಲವೂ ಹಿಂಜರಿದಿರಿ. ಆ ಹೊತ್ತಿಗೇ ಅನುಮಾನ ಬಂದಿತ್ತು.

ಸ್ಟೇರಿಂಗ್ ಕೆಳಗಿನ ಹಿಡಿಕೆ ಎಳೆದು ಬಾನೆಟ್ ಎತ್ತುತ್ತೀರಿ, ಸರಳಿನ ಆಸರೆ ಕೊಡುತ್ತೀರಿ. ಟಿಫಿನ್ ಡಬ್ಬಿಯಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಎದುರಿಗೇ ಇದೆ. ಒಂದು ಕಡೆ ಗಾಳಿ ಎಳೆಯುವ ಬಾಯಿ, ಇನ್ನೊಂದು ಕಡೆ ಎಂಜಿನ್‌ಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆ. ನಿಮ್ಮದಕ್ಕೆ ನಾಲ್ಕು ಕ್ಲಿಪ್. ಕೆಲವು ಕಾರುಗಳಿಗೆ ಸ್ಕ್ರೂ ಇರುತ್ತವೆ, ಇಲ್ಲಿ ಪಾನಾ ಬೇಡ, ಹೆಬ್ಬೆರಳು ಸಾಕು. ಟಕ್. ಟಕ್. ಮೂರನೆಯದು ಬ್ಯಾಟರಿಯ ಸಂದಿಯಲ್ಲಿದೆ, ಬೆರಳಗಂಟು ತರಚುತ್ತದೆ.

“ಏನ್ ಬಿಚ್ಚಾಕತ್ತೀಯೋ ತಮ್ಮಾ?”

ಎದುರು ಮನೆಯ ಕಾಕಾ. ಮುಂಡರಗಿ ಕಡೆಯವರು, ಹರೇದಾಗ ಟ್ರ್ಯಾಕ್ಟರ್ ಹೊಡೆದವರು. ಕೊಡ ಕಟ್ಟೆಯ ಮೇಲಿಟ್ಟು ಬಂದು ಬಗ್ಗಿದ್ದಾರೆ.

“ಏರ್ ಫಿಲ್ಟರ್ ರೀ ಕಾಕಾ.”

ಮುಚ್ಚಳವನ್ನು ನಾಲ್ಕು ಬೆರಳಷ್ಟೇ ಎತ್ತುತ್ತೀರಿ, ಕೊಳವೆಗೂ ಸೆನ್ಸರಿನ ವೈರಿಗೂ ಜಗ್ಗಾಟವಾಗಬಾರದು. ಹಳೇ ಫಿಲ್ಟರನ್ನು ಅಡ್ಡಡ್ಡ ಹಿಡಿದು, ಧೂಳು ಉದುರದ ಹಾಗೆ, ತುಂಬಿದ ತಾಟು ಎತ್ತಿದಂತೆ ಹೊರಗೆ ತೆಗೆಯುತ್ತೀರಿ. ಬೆಳ್ಳಗೆ ಇದ್ದ ಕಾಗದದ ಮಡಿಕೆಗಳು ಈಗ ಒಲೆಯ ಬೂದಿಯ ಬಣ್ಣ. ಮುಳಗುಂದದ ಎರೆ, ಕಪ್ಪತಗುಡ್ಡದ ಬುಡದ ಮಸಾರಿ, ಬೆಟಗೇರಿಯ ಅರಳೆ ಎಲ್ಲ ಬೇರೆಬೇರೆ ಕಾಣಬೇಕು ಅಂತ ಮನಸ್ಸಿಗೆ ಆಸೆ. ಹಾಗೇನೂ ಕಾಣುವುದಿಲ್ಲ, ಬೆರೆತು ಒಂದೇ ಆಗಿದೆ. ಪೆಟ್ಟಿಗೆಯ ತಳ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ: ಎರಡು ಬೇವಿನೆಲೆ, ಸತ್ತ ಮಿಡತೆ, ಒಂದು ಚಿಟಿಕೆ ಹುರಳಿ ಹೊಟ್ಟು. ಶಿರಹಟ್ಟಿ ದಾರಿಯಲ್ಲಿ ಡಾಂಬರಿನ ಮೇಲೆ ಹರವಿದ್ದ ಹುರಳಿ! ನಿಮ್ಮ ಗಾಲಿಯಿಂದ ಪುಕ್ಕಟೆ ಒಕ್ಕಲು ಮಾಡಿಸಿಕೊಂಡವರು ಕೂಲಿಯನ್ನೂ ಕೊಟ್ಟು ಕಳಿಸಿದ್ದಾರೆ.

“ನಮ್ಮ ಟ್ರ್ಯಾಕ್ಟರಿಗೆ ಕಾಗದಾ ಎಲ್ಲಿ ಬಂತು,” ಕಾಕಾ ನಗುತ್ತಾರೆ. “ಬುಡಕ ಎಣ್ಣಿ ಬಟ್ಟಲ ಇರ್ತಿತ್ತು. ಗಾಳಿ ಎಣ್ಣಿ ಮುಟ್ಟೇ ಮ್ಯಾಲ ಹೋಗಬೇಕು. ದಿನಾ ಹರಗಿ ಬಂದು ಸಂಜಿಕಿ ಬಿಚ್ಚಿದ್ರ ಬಟ್ಟಲ ತುಂಬ ರಾಡಿ.”

ಆ ಎಣ್ಣೆಯ ಕೆಲಸವನ್ನೇ ಈಗ ಈ ಒಣ ಕಾಗದ ಮಾಡುತ್ತಿದೆ. ಕೆಲಸ ಸಣ್ಣದಲ್ಲ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಓಣಿಯ ಮನೆಗಳ ಮುಂದಿರುವ 200 ಲೀಟರಿನ ನೀಲಿ ಬ್ಯಾರಲ್‌ನ ಲೆಕ್ಕದಲ್ಲಿ 45 ಬ್ಯಾರಲ್. ಅಷ್ಟರಲ್ಲಿ ತೇಲುವ ಮಣ್ಣಿನ ಕಣ ಒಳಗೆ ಹೊಕ್ಕರೆ ಸಿಲಿಂಡರಿನ ಗೋಡೆಯನ್ನು ಉಸುಕಿನ ಕಾಗದದ ಹಾಗೆ ತಿಕ್ಕುತ್ತದೆ.

“ಒಗೀಬ್ಯಾಡ, ಹವಾ ಹೊಡಿಸು. ವರ್ಷ ನಡೀತೈತಿ.”

ನೀವು ಉತ್ತರ ಕೊಡುವುದಿಲ್ಲ, ಫಿಲ್ಟರನ್ನು ಬಿಸಿಲಿಗೆ ಎತ್ತಿ ಹಿಡಿಯುತ್ತೀರಿ. ಬೆಳಕು ಹಾಯುತ್ತಿಲ್ಲ. ಒಂದು ಮಡಿಕೆಯಲ್ಲಿ ಮಾತ್ರ ಸೂಜಿಮೊನೆಯಷ್ಟು ಚುಕ್ಕೆ ಫಳಕ್ಕೆಂದು ಹೊಳೆಯುತ್ತದೆ. ಹೋದ ವರ್ಷ ಹವಾ ಹೊಡಿಸಿದ್ದು ನೆನಪಾಗುತ್ತದೆ, ಆಗಲೇ ಬಿದ್ದ ತೂತಿರಬೇಕು. ಮುಚ್ಚಳದ ಒಳಮೈ ಮೇಲೆ ಬೆರಳು ಎಳೆಯಿರಿ, ಎಂಜಿನ್ ಕಡೆಯ ಆ ಶುದ್ಧ ಬದಿಯಲ್ಲಿ. ಬೆರಳ ತುದಿಗೆ ರಾಗಿಹಿಟ್ಟಿನಂಥ ನುಣ್ಣನೆ ಧೂಳು. ಕಾಕಾ ಅದನ್ನು ತಮ್ಮ ಬೆರಳಿಗೂ ಹಚ್ಚಿಕೊಂಡು ಉಜ್ಜಿ ನೋಡುತ್ತಾರೆ, ಮಾತಾಡುವುದಿಲ್ಲ.

ಹಾಗಂತ ತಿಂಗಳಿಗೊಮ್ಮೆ ಬಿಚ್ಚುವ ಉಮೇದಿಯೂ ಒಳ್ಳೆಯದಲ್ಲ. ತುಸು ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ; ಕೂತ ಧೂಳೇ ಬರುವ ಧೂಳಿಗೆ ಜರಡಿ. ಆದರೆ ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರು ಒಳ್ಳೆಯ ರಸ್ತೆಯ ಊರಿಗೆ. ಮಾಘದ ಒಕ್ಕಲು, ಆಷಾಢದ ಗಾಳಿ ಎರಡನ್ನೂ ತಿನ್ನುವ ಗದಗ ಸೀಮೆಯ ಕಾರಿಗೆ ಅದಕ್ಕಿಂತ ಮೊದಲೇ ಬೇಕು.

ನೀರಿನ ದಿನವಾದರೂ ಪೈಪು ಹಿಡಿಯಬೇಡಿ. ಹಿಂಡಿದ ಬಟ್ಟೆಯಿಂದ ಪೆಟ್ಟಿಗೆ ಒರೆಸಿ, ಮೂಲೆಗೆ ಸಿಕ್ಕಿದ ಹೊಟ್ಟನ್ನು ಉಗುರಿನಿಂದ ಕೆದರಿ ತೆಗೆಯಿರಿ. ಹೊಸ ಫಿಲ್ಟರಿನ ರಬ್ಬರ್ ಅಂಚು ಪೆಟ್ಟಿಗೆಯ ತೋಡಿನಲ್ಲಿ ಸುತ್ತಲೂ ಸಮನಾಗಿ ಕೂತಿತೇ? ಬೆರಳಿಂದ ಒಂದು ಸುತ್ತು ಒತ್ತಿ ನೋಡಿ. ಅಂಚು ಒಂದು ಕಡೆ ಎದ್ದಿದ್ದರೆ ಗಾಳಿ ಆ ಸಂದಿಯಿಂದಲೇ ನುಸುಳುತ್ತದೆ, ಕೊಟ್ಟ ದುಡ್ಡು ನೀರಿನಲ್ಲಿ ಹೋಮ. ಮುಚ್ಚಳ ಕೆಳಗೆ. ಟಕ್. ಟಕ್. ಬ್ಯಾಟರಿಯ ಪಕ್ಕದ್ದು ಈ ಸಲವೂ ಚರ್ಮ ಕೇಳುತ್ತದೆ. ಟಕ್.

“ಆವರೇಜ್ ಎಷ್ಟ ಏರತೈತಿ?”

ಏರುವುದಿಲ್ಲ, ಅಥವಾ ಏರಿದ್ದು ಗೊತ್ತಾಗುವುದಿಲ್ಲ. ಕಾರ್ಬ್ಯುರೇಟರ್ ಕಾಲದ ನಂಬಿಕೆ ಅದು. ಈಗಿನ ಗಾಡಿಯ ಕಂಪ್ಯೂಟರು ಬಂದ ಗಾಳಿ ಅಳೆದು ಅಷ್ಟಕ್ಕೇ ಪೆಟ್ರೋಲ್ ಬಿಡುತ್ತದೆ. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಮಾಡಿ ನೋಡಿದಾಗ, ಕಟ್ಟಿಕೊಂಡ ಫಿಲ್ಟರಿನಿಂದ ಇಂಥ ಕಾರುಗಳ ಮೈಲೇಜ್ ಹೆಚ್ಚು ಕೆಡಲಿಲ್ಲ, ಬಿದ್ದದ್ದು ಪಿಕಪ್.

“ಹಂಗಾರ ನೋಡೇ ಬಿಡೂಣು. ಡಂಬಳತನಕ ನಡೀ.” ಕೊಡವನ್ನು ಒಳಗಿಟ್ಟು, ಟೊಪ್ಪಿಗೆ ಹಾಕಿಕೊಂಡು ಅವರು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದಾರೆ.

ಊರು ದಾಟುತ್ತದೆ. ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆ ಸಾವಕಾಶ ತಿರುಗುತ್ತಿವೆ. ಕಾಲು ಒತ್ತುತ್ತೀರಿ, ಕಾರು ಮಾತು ಕೇಳುತ್ತದೆ. ಎಡಗಡೆ ಹೊಲದಲ್ಲಿ ಕಡಲೆ ಒಕ್ಕುವ ಮಷಿನು. ಅದರ ಬಾಯಿಂದ ಎದ್ದ ಹೊಟ್ಟು ಮಣ್ಣಿನ ಪರದೆ ರಸ್ತೆಗೆ ಅಡ್ಡಲಾಗಿ ಸರಿಯುತ್ತ ಬರುತ್ತಿದೆ.

“ಕಿಡಕಿ ಏರಿಸೋ ತಮ್ಮಾ,” ಎನ್ನುತ್ತ ಕಾಕಾ ಟೊಪ್ಪಿಗೆ ತೆಗೆದು ಮೂಗಿಗೆ ಹಿಡಿಯುತ್ತಾರೆ.