ಮಲ್ಪೆ: ಕಡಲಿಗೂ ಬಿಡುವು ಬೇಕು

ಉಡುಪಿಗೆ ಹೋದ ಯಾತ್ರಿಕರಲ್ಲಿ ಅನೇಕರು ಶ್ರೀಕೃಷ್ಣನ ದರ್ಶನ ಪಡೆದು, ರಥಬೀದಿಯಲ್ಲಿ ಒಂದು ಸುತ್ತು ತಿರುಗಿ, ಊಟ ಮುಗಿಸಿ ಊರಿಗೆ ಹಿಂದಿರುಗುವುದುಂಟು. ಅಲ್ಲಿಂದ ಪಡುವಣಕ್ಕೆ ಐದಾರು ಕಿಲೋಮೀಟರು ಮುಂದುವರಿದವರಿಗೆ ಮಲ್ಪೆ ದೊರೆಯುತ್ತದೆ. ಬಸ್ಸಿನಿಂದ ಇಳಿಯುವ ಮೊದಲೇ ಈ ಊರು ಮೂಗಿಗೆ ಪರಿಚಯವಾಗುತ್ತದೆ. ಉಪ್ಪುಗಾಳಿ, ಒಣಮೀನು, ಎಣ್ಣೆಯ ಹೊಗೆ ಮೂರೂ ಬೆರೆತ ಆ ವಾಸನೆಗೆ ಒಳನಾಡಿನವರು ಮೊದಲು ಮುಖ ಸಿಂಡರಿಸುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಮರೆತೇಹೋಗುತ್ತದೆ.

ಕಚೇರಿಯ ಕಡತಗಳಿಂದಲೂ ಮಕ್ಕಳ ಪರೀಕ್ಷೆಯ ತರಾತುರಿಯಿಂದಲೂ ಬಳಲಿದ ಸಂಸಾರಕ್ಕೆ ಮಲ್ಪೆಯ ಮರಳದಂಡೆ ಹೇಳಿ ಮಾಡಿಸಿದ ಜಾಗ. ಉದ್ದಕ್ಕೂ ಹರಡಿದ ಮರಳು, ಹಿಂದೆ ತೆಂಗಿನ ಸಾಲು, ಮುಂದೆ ಕೊನೆಯಿಲ್ಲದ ನೀರು. ಮಕ್ಕಳು ಮರಳಿನಲ್ಲಿ ಕೋಟೆ ಕಟ್ಟುತ್ತಾರೆ, ಅಲೆ ಬಂದು ಕೆಡವುತ್ತದೆ, ಅವರು ಮತ್ತೆ ಕಟ್ಟುತ್ತಾರೆ. ದೊಡ್ಡವರು ಎಳನೀರು ಕುಡಿಯುತ್ತ, ಮಾತಿಲ್ಲದೆ ಕುಳಿತು, ಕೈಗಡಿಯಾರ ನೋಡುವುದನ್ನು ಬಿಟ್ಟುಬಿಡುತ್ತಾರೆ.

ದಂಡೆಯ ಬಳಿಯಲ್ಲೇ ವಡಭಾಂಡೇಶ್ವರದ ಬಲರಾಮನ ಗುಡಿ ಇದೆ. ಹದಿಮೂರನೆಯ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ಇಲ್ಲಿಯ ದಡದಿಂದಲೇ ಪಾರುಗಾಣಿಸಿದರೆಂದೂ, ನಾವಿಕನು ಕೃತಜ್ಞತೆಯಿಂದ ಒಪ್ಪಿಸಿದ ಗೋಪೀಚಂದನದ ಗಡ್ಡೆಗಳಲ್ಲಿ ಎರಡು ವಿಗ್ರಹಗಳು ದೊರೆತವೆಂದೂ ಐತಿಹ್ಯ. ಬಲರಾಮನು ಇಲ್ಲಿಯೇ ನೆಲೆಸಿದನು, ಕೃಷ್ಣನು ಉಡುಪಿಗೆ ತೆರಳಿದನು. ಹೀಗಾಗಿ ಉಡುಪಿಯ ಕಥೆ ಆರಂಭವಾಗುವುದೇ ಮಲ್ಪೆಯ ಕಡಲಿನಲ್ಲಿ.

ದಂಡೆಯಿಂದ ನೋಡಿದರೆ ಪಶ್ಚಿಮಕ್ಕೆ ತೆಂಗಿನ ಮರಗಳ ಒಂದು ಗುಂಪು ನೀರಿನ ಮೇಲೆಯೇ ನಿಂತಂತೆ ಕಾಣುತ್ತದೆ. ಅದು ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಆ ಹೆಸರಿಟ್ಟನೆಂದು ಪ್ರತೀತಿ. ಮಲ್ಪೆಯಿಂದ ದೋಣಿಯಲ್ಲಿ ಸಾಗಿ ಅಲ್ಲಿ ಕಾಲಿಟ್ಟವರಿಗೆ ಕಾಣುವುದು ಒಂದು ವಿಚಿತ್ರ ಲೋಕ. ಶಿಲ್ಪಿಯೊಬ್ಬನು ಅಳೆದು ಕಡೆದಂತೆ ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲುತ್ತಿದ್ದ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭೂಗರ್ಭದಿಂದ ಉಕ್ಕಿದ ಶಿಲಾರಸವು ತಣಿಯುತ್ತ ಕುಗ್ಗಿ, ಸೀಳಿ, ಈ ರೂಪ ತಾಳಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಇಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ಬರಿಗಾಲಿನ ಮಕ್ಕಳು ಎಚ್ಚರದಿಂದ ನಡೆಯಬೇಕು.

ಇಷ್ಟನ್ನು ಮಾತ್ರ ನೋಡಿ ಹಿಂದಿರುಗಿದವರು ಅರ್ಧ ಮಲ್ಪೆಯನ್ನು ಮಾತ್ರ ಕಂಡಂತೆ. ಉಳಿದರ್ಧ ಇರುವುದು ಹೊಳೆಯ ಅಳಿವೆಯಲ್ಲಿರುವ ಬಂದರಿನಲ್ಲಿ. ಪ್ರವಾಸಿಗರು ಇನ್ನೂ ಹೊದ್ದು ಮಲಗಿರುವ ಹೊತ್ತಿಗೆ ಅಲ್ಲಿ ಜಾತ್ರೆಯೇ ನೆರೆದಿರುತ್ತದೆ. ಹಲವು ದಿನ ಆಳಸಮುದ್ರದಲ್ಲಿದ್ದು ಬಂದ ದೋಣಿಗಳಿಂದ ಬುಟ್ಟಿಬುಟ್ಟಿಯಾಗಿ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಸಿಗಡಿಗಳು ಇಳಿಯುತ್ತವೆ. ಮಂಜುಗಡ್ಡೆ ಪುಡಿಯಾಗುವ ಸದ್ದು, ಏಲಂ ಕೂಗುವವನ ಏರುದನಿ, ಲಾರಿಗಳ ಗದ್ದಲ. ಇವುಗಳ ನಡುವೆ ಮೊಗವೀರ ಹೆಂಗಸರು ಮೀನಿನ ರಾಶಿಯನ್ನು ಒಂದೇ ನೋಟಕ್ಕೆ ಅಳೆದು ಬೆಲೆ ಕಟ್ಟುತ್ತಾರೆ. ಗಂಡಸರು ಕಡಲಿಗಿಳಿದಾಗ ಮನೆಯ ಲೆಕ್ಕವನ್ನೂ ಮಾರುಕಟ್ಟೆಯ ಲೆಕ್ಕವನ್ನೂ ತೂಗಿಸುವವರು ಇವರೇ.

ಈ ಬಂದರಿನ ಸಡಗರದ ಹಿಂದೆ ಒಂದು ಹಳೆಯ ಕಥೆಯಿದೆ. ಯಂತ್ರದೋಣಿಗಳ ಕಾಲಕ್ಕೆ ಮುಂಚೆ ಈ ಕರಾವಳಿಯ ಹೆಮ್ಮೆಯೆಂದರೆ ರಂಪಣಿ ಬಲೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡು ತುದಿಗಳನ್ನೂ ದಡದಲ್ಲಿ ನಿಂತ ಹತ್ತಾರು ಜನ ಹುಯ್ಯಲಿಡುತ್ತ ಎಳೆಯುತ್ತಿದ್ದರು. ಸಿಕ್ಕಿದ್ದು ಎಲ್ಲರಿಗೂ ಪಾಲಾಗುತ್ತಿತ್ತು. ಮೀನು ದಡಕ್ಕೆ ಬಂದರೆ ಊರಿಗೆ ಹಬ್ಬ, ಬಾರದಿದ್ದರೆ ಊರಿಗೇ ಉಪವಾಸ. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬಲೆಯ ದೋಣಿಗಳು ಬಂದವು. ಮೀನಿಗಾಗಿ ದಡದಲ್ಲಿ ಕಾಯುವ ಅಗತ್ಯ ಉಳಿಯಲಿಲ್ಲ. ಹಿಂಡು ಇದ್ದಲ್ಲಿಗೇ ಹೋಗಿ, ಸುತ್ತುವರಿದು, ಬಲೆಯ ತಳವನ್ನು ಹಣದ ಚೀಲದ ಬಾಯಿಯಂತೆ ಬಿಗಿದು ಎಳೆಯುವುದು ಸಾಧ್ಯವಾಯಿತು. ಹಣ ಬಂತು, ಕೆಲಸ ಬಂತು, ಬಂದರು ಬೆಳೆಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆಗೆ ಸೇರಿತು. ಅದರ ಮರಿಯಾದ ಕೈರಂಪಣಿ ಮಾತ್ರ ಕರಾವಳಿಯ ಕೆಲವೆಡೆ ಉಳಿದಿದೆ.

ಬಲೆ ದೊಡ್ಡದಾದಷ್ಟೂ ಕಡಲು ದೊಡ್ಡದಾಗಲಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ತಳದ ಸಾರವುಳ್ಳ ನೀರು ಮೇಲೇರಿ ಮೀನಿನ ಆಹಾರ ಸಮೃದ್ಧವಾಗುತ್ತದೆ. ಬಹಳಷ್ಟು ಮೀನುಗಳು ಮೊಟ್ಟೆಯಿಡುವುದೂ ಆ ಕಾಲದಲ್ಲೇ. ತಾಯಿಮೀನನ್ನೇ ಬಾಚಿಕೊಂಡರೆ ಮುಂದಿನ ವರ್ಷ ಬಲೆಗೆ ಬೀಳುವುದೇನು? ಆದಕಾರಣ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಂತ್ರದೋಣಿಗಳ ಮೀನುಗಾರಿಕೆಗೆ ಕರ್ನಾಟಕದ ಕರಾವಳಿಯಲ್ಲಿ ನಿಷೇಧವಿದೆ. ಆಗ ಬಂದರಿನಲ್ಲಿ ದೋಣಿಗಳು ಮೈಗೆ ಮೈ ತಾಗಿಸಿ ಸಾಲಾಗಿ ನಿಲ್ಲುತ್ತವೆ. ಬಲೆಗಳ ಹರಕು ಹೊಲಿಯಲಾಗುತ್ತದೆ, ಹಲಗೆಗಳಿಗೆ ಬಣ್ಣ ಬಳಿಯಲಾಗುತ್ತದೆ. ದೂರದ ಊರುಗಳಿಂದ ಬಂದ ಕೆಲಸಗಾರರು ತಮ್ಮ ಮನೆಗಳನ್ನು ಸೇರುತ್ತಾರೆ. ದ್ವೀಪದ ದೋಣಿಯೂ ನಿಲ್ಲುತ್ತದೆ, ಪ್ರವಾಸಿಗರೂ ಬಾರರು. ಕಡಲು ತನ್ನಷ್ಟಕ್ಕೆ ತಾನು ಗರ್ಜಿಸುತ್ತ ತನ್ನ ಮಕ್ಕಳನ್ನು ಸಾಕುತ್ತದೆ.

ಈ ಬಿಡುವು ಮೀನುಗಾರನ ಮನೆಗೆ ಸುಲಭದ್ದಲ್ಲ. ಆ ಎರಡು ತಿಂಗಳು ದುಡಿಮೆಯಿಲ್ಲ. ಅಂಗಡಿಯ ಸಾಲ, ಶಾಲೆಯ ಫೀಜು ಎರಡೂ ನಿಲ್ಲುವುದಿಲ್ಲ. ದುಡಿಮೆಯ ದಿನಗಳಲ್ಲಾದರೂ ಅಭಯವಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮಂದಿಯೊಡನೆ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿದ ಬಳಿಕ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲ ತಳದಲ್ಲಿ, ಅದರ ಅವಶೇಷ ನೌಕಾಪಡೆಗೆ ದೊರೆಯಿತು. ಹೋದವರು ಮರಳಲಿಲ್ಲ. ದಂಡೆಯಲ್ಲಿ ಕುಳಿತವರಿಗೆ ಅಷ್ಟು ಶಾಂತವಾಗಿ ತೋರುವ ನೀರು ಅದೇ.

ಮಲ್ಪೆಗೆ ಹೋಗಲು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಬೆಳಿಗ್ಗೆ ಬಂದರು, ಆಮೇಲೆ ದ್ವೀಪ, ಸಂಜೆ ಮರಳದಂಡೆ ಎಂದು ದಿನವನ್ನು ಹಂಚಿಕೊಂಡರೆ ದಣಿವಾಗದು. ಬಂದರಿನಲ್ಲಿ ಕೆಲಸಗಾರರ ದಾರಿಗೆ ಅಡ್ಡ ನಿಲ್ಲದಿರುವುದೂ, ದ್ವೀಪದಲ್ಲಿ ಕಾಗದ ಬಾಟಲಿಗಳನ್ನು ಬಿಟ್ಟುಬಾರದಿರುವುದೂ ಅತಿಥಿಧರ್ಮ.

ಮಳೆಯ ಅಬ್ಬರ ತಗ್ಗಿ ಆಗಸ್ಟ್ ಬಂದಾಗ ಊರಿನವರು ಬಲರಾಮನಿಗೂ, ಕಡಲಿನ ದೈವವಾದ ಬೊಬ್ಬರ್ಯನಿಗೂ ಪೂಜೆ ಸಲ್ಲಿಸಿ, ದಡಕ್ಕೆ ಬಂದು, ಹಾಲು, ಹೂವು, ತೆಂಗಿನಕಾಯಿಗಳನ್ನು ಸಮುದ್ರಕ್ಕೆ ಅರ್ಪಿಸುತ್ತಾರೆ. ಕೊಡು ಎಂದು ಬೇಡುವ ಮೊದಲು ತಾವೇ ಕೊಡುವ ಪದ್ಧತಿ ಇದು. ಆಮೇಲೆ ಒಂದೊಂದಾಗಿ ಯಂತ್ರಗಳು ಸದ್ದುಮಾಡುತ್ತವೆ, ದೋಣಿಗಳು ಅಳಿವೆಯನ್ನು ದಾಟುತ್ತವೆ, ದಡದಲ್ಲಿ ನಿಂತ ಹೆಂಗಸರು ಅವು ಚುಕ್ಕಿಗಳಾಗುವವರೆಗೂ ನೋಡುತ್ತಾರೆ.