ಪಾಪಾಸುಕಳ್ಳಿಯ ತವರಿನಲ್ಲಿ

ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಅಮೆರಿಕದ ಆರಿಜೋನಾ ರಾಜ್ಯದ ಟೂಸಾನ್ ನಗರಕ್ಕೆ ಹೋದ ಕನ್ನಡಿಗರು ಊರಾಚೆಯ ಮರುಭೂಮಿಯನ್ನು ಮೊದಲ ಸಲ ನೋಡಿದರೆ ನಿರಾಸೆಯಾಗಬಹುದು. ಮರಳಿನ ದಿಬ್ಬಗಳಿಲ್ಲ, ಒಂಟೆಗಳಿಲ್ಲ. ಕಲ್ಲುನೆಲ, ಕುರುಚಲು ಗಿಡ, ದೂರದಲ್ಲಿ ಬೋಳು ಗುಡ್ಡ. ಚಿತ್ರದುರ್ಗದ ಕಡೆಯವರಾದರೆ 'ಇದು ನಮ್ಮೂರೇ ಅಲ್ಲವೆ' ಎಂದಾರು. ಇದು ಸೊನೋರನ್ ಮರುಭೂಮಿ. ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ ಬೀಳುತ್ತದೆ. ಚಳಿಗಾಲದಲ್ಲಿ ಒಂದಿಷ್ಟು, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಒಂದಿಷ್ಟು. ಈ ಎರಡನೆಯದನ್ನು ಅಲ್ಲಿಯವರೂ ಮಾನ್ಸೂನ್ ಎಂದೇ ಕರೆಯುತ್ತಾರೆ.

ನಗರದ ಪಶ್ಚಿಮಕ್ಕೂ ಪೂರ್ವಕ್ಕೂ ಒಂದೊಂದು ಭಾಗವಾಗಿ ಹರಡಿರುವ ಸವಾರೊ ರಾಷ್ಟ್ರೀಯ ಉದ್ಯಾನದಲ್ಲಿ ಕಾಲುದಾರಿಗಳಿವೆ. ಕೈ ಮೇಲೆತ್ತಿ ನಿಂತ ದೈತ್ಯನಂತಿರುವ ಸವಾರೊ ಕಳ್ಳಿಯತ್ತಲೇ ಎಲ್ಲರ ಕಣ್ಣು, ಎಲ್ಲರ ಕ್ಯಾಮೆರಾ. ಅದರ ಬುಡದಲ್ಲಿ ಮೊಣಕಾಲೆತ್ತರಕ್ಕೆ, ಸೊಂಟದೆತ್ತರಕ್ಕೆ ಹರಡಿಕೊಂಡ ಪಾಪಾಸುಕಳ್ಳಿಯನ್ನು ಕೇಳುವವರಿಲ್ಲ. ಬಯಲುಸೀಮೆಯವರಿಗಂತೂ ಅದು ಹಳೆಯ ಪರಿಚಯ. ಬೇಲಿಯ ಡಬ್ಬುಗಳ್ಳಿ, ಅಷ್ಟೆ! ಆದರೆ ಹತ್ತು ಹೆಜ್ಜೆ ನಡೆದರೆ ಒಂದು ಗಿಡದಂತೆ ಇನ್ನೊಂದಿಲ್ಲ. ಒಂದರ ಮುಳ್ಳು ಬಿಳಿ, ಇನ್ನೊಂದರದು ಕಂದು. ಮಗದೊಂದರ ಮೈಯೇ ನೇರಳೆ. ಇವೆಲ್ಲ ಒಂದೇ ಜಾತಿಯೋ, ಬೇರೆ ಬೇರೆಯೋ?

ಮೊದಲು ಯಾವುದು ಪಾಪಾಸುಕಳ್ಳಿಯಲ್ಲ ಎಂದು ತಿಳಿಯಬೇಕು. ಅಲ್ಲಿ ಚೋಯಾ ಎಂಬ ಹತ್ತಿರದ ನೆಂಟ ಉಂಟು. ಅದರ ಕಾಂಡ ಉರುಟು, ತುಂಡುಗಳು ತಾಗಿದರೆ ಸಾಕು, ಕಳಚಿ ಬಟ್ಟೆಗೆ ಅಂಟುತ್ತವೆ. ಪಾಪಾಸುಕಳ್ಳಿಯದು ಚಪ್ಪಟೆ ಹಲಗೆ. ಕನ್ನಡದಲ್ಲಿ ಕಳ್ಳಿ ಎನ್ನುವ ಒಂದೇ ಹೆಸರಿನಲ್ಲಿ ಹಾಲು ಸುರಿಸುವ ಚದುರಗಳ್ಳಿಯೂ ಸೇರಿಬಿಟ್ಟಿದೆ. ಅದು ಯೂಫೋರ್ಬಿಯ ಕುಲದ್ದು, ಇದಕ್ಕೆ ಸಂಬಂಧವೇ ಇಲ್ಲ. ಪಾಪಾಸುಕಳ್ಳಿಯ ಹಲಗೆಯನ್ನು ಮುರಿದರೆ ಹಾಲು ಬರುವುದಿಲ್ಲ, ಲೋಳೆ ಬರುತ್ತದೆ.

ಹಲಗೆಯ ಮೇಲೆ ಸಾಲಾಗಿ ಕಾಣುವ ಚುಕ್ಕೆಗಳಿಗೆ ಏರಿಯೋಲ್ ಎಂದು ಹೆಸರು. ಮುಳ್ಳು, ಹೂವು, ಹೊಸ ಹಲಗೆ ಎಲ್ಲ ಹುಟ್ಟುವುದು ಅಲ್ಲಿಂದಲೇ. ಉದ್ದ ಮುಳ್ಳಿನ ಜತೆಗೆ ಕೂದಲಿಗಿಂತ ಸಣ್ಣ ಮುಳ್ಳುಗಳ ಗೊಂಚಲೂ ಇರುತ್ತದೆ. ಅದು ಗ್ಲೋಕಿಡ್. ಇವುಗಳಿಗೆ ಗಾಳದಂಥ ಕೊಕ್ಕೆಗಳಿರುವುದರಿಂದ ಚರ್ಮಕ್ಕೆ ಹೊಕ್ಕರೆ ಚಿಮಟವೇ ಬೇಕು. ಉದ್ದ ಮುಳ್ಳಿಗೆ ಹೆದರಿದವರು ಬಚಾವಾಗುತ್ತಾರೆ, ಮುಳ್ಳಿಲ್ಲವೆಂದು ನಂಬಿ ಮುಟ್ಟಿದವರೇ ಸಿಕ್ಕಿಬೀಳುವುದು.

ಹಲಗೆ ಎಲೆಯಲ್ಲ, ಕಾಂಡ. ಎಲೆ ಎಲ್ಲಿ ಎಂಬ ಪ್ರಶ್ನೆಗೆ 'ಮುಳ್ಳಾಗಿ ಮಾರ್ಪಟ್ಟಿದೆ' ಎಂದು ಬರೆದು ವಿದ್ಯಾರ್ಥಿಗಳು ಪೂರ್ತಿ ಅಂಕ ಪಡೆಯುತ್ತಾರೆ. ವಸಂತದಲ್ಲಿ ಎಳೆಯ ಹಲಗೆಯನ್ನು ನೋಡಿದರೆ ಒಂದೊಂದು ಏರಿಯೋಲ್‌ನ ಬುಡದಲ್ಲೂ ಪುಟ್ಟ ಕೊಂಬಿನಂಥ ಹಸಿರು ಎಲೆ ಕಾಣುತ್ತದೆ. ಕೆಲವು ವಾರಗಳಲ್ಲಿ ಉದುರಿಹೋಗುವ ಈ ಎಲೆಗೆ ಅಂಕ ಕೊಡುವವರು ಅಪರೂಪ.

ಟೂಸಾನ್ ಸುತ್ತ ಹೆಚ್ಚಾಗಿ ಸಿಗುವುದು ಎಂಗಲ್‌ಮನ್ ಪಾಪಾಸುಕಳ್ಳಿ. ಸೇಂಟ್ ಲೂಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ವೈದ್ಯ, ಸಸ್ಯವಿಜ್ಞಾನಿ ಜಾರ್ಜ್ ಎಂಗಲ್‌ಮನ್ ಅವರ ಹೆಸರು ಅದಕ್ಕಿದೆ. ಹಲಗೆ ಗೇಣಗಲಕ್ಕೂ ಮಿಗಿಲು, ಮುಳ್ಳು ಸುಣ್ಣ ಬಳಿದಂತೆ ಬಿಳುಪು. ಏಪ್ರಿಲ್-ಮೇ ತಿಂಗಳಲ್ಲಿ ಹಳದಿ ಹೂ ಅರಳಿ, ಬಾಡುವಾಗ ಕಿತ್ತಳೆಗೆ ತಿರುಗುತ್ತದೆ. ಅದರ ಕೇಸರಗಳನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಒಳಕ್ಕೆ ಬಾಗುತ್ತವೆ. ಮುಟ್ಟಿದರೆ ಮುನಿ ನೋಡಿದ ಮಕ್ಕಳಿಗೂ ಇದು ಹೊಸ ಆಟ. ಇದರ ಪಕ್ಕದಲ್ಲೇ ನೆಲಕ್ಕೊರಗಿ ಬೆಳೆಯುವ ಚಿಕ್ಕ ಹಲಗೆಯ, ಕಂದು ಮುಳ್ಳಿನ ಇನ್ನೊಂದು ಜಾತಿ ಫಿಯಕ್ಯಾಂತ. ಅದರ ಹಳದಿ ಹೂವಿನ ಒಳಬುಡ ಕೆಂಪು.

ಇಷ್ಟಾದರೆ ಕೆಲಸ ಸುಲಭವಿತ್ತು. ಆದರೆ ಈ ಎರಡೂ ಜಾತಿಗಳ ವರ್ಣತಂತುಗಳು 66. ಎರಡೂ ಬೆರೆತು ಮಿಶ್ರ ಸಂತಾನ ಹುಟ್ಟುತ್ತದೆ. ಅಮ್ಮನ ಮುಳ್ಳು, ಅಪ್ಪನ ಹೂವು ಹೊತ್ತ ಗಿಡಕ್ಕೆ ಏನೆಂದು ಹೆಸರಿಡುವುದು? ಪುಸ್ತಕದ ಚಿತ್ರ ಹಿಡಿದು ಹೊರಟವರು ತಡವರಿಸುವುದು ಇಲ್ಲೇ. ನೇರಳೆ ಮೈಯ ಸಾಂತಾ ರೀಟಾ ಜಾತಿಯದು 22 ವರ್ಣತಂತು, ಮುಳ್ಳು ಕಡಿಮೆ. ಬರದಲ್ಲಿ, ಚಳಿಯಲ್ಲಿ ಅದರ ನೇರಳೆ ಬಣ್ಣ ಗಾಢವಾಗುತ್ತದೆ, ಮಳೆ ಬಿದ್ದರೆ ಹಸಿರು ಮರಳುತ್ತದೆ. ಬಣ್ಣವೊಂದನ್ನೇ ನೆಚ್ಚುವಂತಿಲ್ಲ. ಕಲ್ಲು ಇಳಿಜಾರಿನಲ್ಲಿ ಬೆಳೆಯುವ ಕ್ಲೊರಾಟಿಕ ಮಾತ್ರ ಮೋಸ ಮಾಡದು. ಗಿಡ್ಡ ಬೊಡ್ಡೆ, ದೋಸೆಯಂತೆ ದುಂಡು ಹಲಗೆ, ಕೆಳಮುಖದ ಹಳದಿ ಮುಳ್ಳು.

ಹೀಗಾಗಿ ಒಂದೇ ಗಿಡವನ್ನು ಹೂ ಬಿಟ್ಟಾಗ ಒಮ್ಮೆ, ಆಗಸ್ಟ್‌ನಲ್ಲಿ ಹಣ್ಣು ಕೆಂಪಾದಾಗ ಇನ್ನೊಮ್ಮೆ ನೋಡಬೇಕಾಗುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೆಳಗಿನ ಜಾವವೇ ಹೊರಡುವುದು ಲೇಸು. ಪೊದೆಯ ಕೆಳಗೆ ಕೈ ಹಾಕಬಾರದು. ಅಲ್ಲಿ ಇಲಿಗಳ ಗೂಡಿರುತ್ತದೆ, ನೆರಳು ಹುಡುಕಿ ಬುಡುಬುಡಿಕೆ ಹಾವೂ ಬಂದಿರುತ್ತದೆ. ಉದ್ಯಾನದಿಂದ ಒಂದು ಹಲಗೆಯನ್ನು ಕಿತ್ತು ತರುವುದೂ ಅಪರಾಧ.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲೇ ಉದಾಹರಣೆಯಿದೆ. ಟೂಸಾನ್ ದಾರಿಯ ಹಲಗೆಗಳ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಾಣುತ್ತದಲ್ಲ, ಅದನ್ನು ಕಡ್ಡಿಯಿಂದ ಒತ್ತಿದರೆ ರಕ್ತದಂತೆ ಕೆಂಪು ಒಸರುತ್ತದೆ. ಅದು ಕೊಚಿನೀಲ್ ಕೀಟ. ಇದರ ಒಂದು ಜಾತಿಯಿಂದ ಮೆಕ್ಸಿಕೊದವರು ಬೆಲೆಬಾಳುವ ಬಣ್ಣ ತೆಗೆಯುತ್ತಿದ್ದರು. ಆ ಲಾಭದ ಆಸೆ ಈಸ್ಟ್ ಇಂಡಿಯಾ ಕಂಪನಿಗಿತ್ತು. 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ಅದೇ ಕೀಟವೆಂದು ತಂದರು. ತಂದದ್ದು ಬೇರೆಯೇ ಜಾತಿ! ಬಣ್ಣ ಕಳಪೆಯಾಯಿತು. ಆದರೆ ಆ ಕೀಟ ಇಲ್ಲಿ ಕಳೆಯಾಗಿ ಹಬ್ಬಿದ್ದ ಒಂದು ಪಾಪಾಸುಕಳ್ಳಿಯನ್ನು ತಿಂದು ತೇಗಿತು. ದಕ್ಷಿಣ ಭಾರತದ ಇನ್ನೊಂದು ಜಾತಿಯನ್ನು ಅದು ಮುಟ್ಟಲಿಲ್ಲ. ಅದಕ್ಕೆ 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಕೊಚಿನೀಲ್ ಬರಬೇಕಾಯಿತು. ಹೊಲ ಹೊಲಗಳನ್ನು ನುಂಗಿದ್ದ ಕಳ್ಳಿ ಇಳಿಮುಖವಾದದ್ದು ಆಮೇಲೆ.

ಅದೇ 1926ರಲ್ಲಿ ಆಸ್ಟ್ರೇಲಿಯಾದವರು ಅರ್ಜೆಂಟೀನಾದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗವನ್ನು ಬಿಟ್ಟು ತಮ್ಮ ಕಳ್ಳಿಕಾಟ ನೀಗಿಕೊಂಡರು. ಕ್ವೀನ್ಸ್‌ಲೆಂಡ್‌ನಲ್ಲಿ ಆ ಹುಳುವಿನ ನೆನಪಿಗೆ ಒಂದು ಸಭಾಭವನವೇ ಇದೆ. ಆದರೆ ಅದೇ ಪತಂಗ 1989ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡಾಗ ಯಾರೂ ಹಿಗ್ಗಲಿಲ್ಲ. ಅಲ್ಲಿಂದ ಮೆಕ್ಸಿಕೊ ಕೊಲ್ಲಿಯ ಕರಾವಳಿಗುಂಟ ಪಶ್ಚಿಮಕ್ಕೆ ಸರಿಯತೊಡಗಿತು. ಅತ್ತ ಇರುವುದು ಪಾಪಾಸುಕಳ್ಳಿಯ ತವರು, ಅದನ್ನು ತಿಂದು ಬದುಕುವ ಆಮೆ, ಹಂದಿ, ಇಲಿಗಳ ನಾಡು. ಕಳ್ಳಿಯ ಹಲಗೆಯನ್ನು, ಹಣ್ಣನ್ನು ಸಂತೆಯಲ್ಲಿ ಮಾರಿ ಜೀವಿಸುವ ಮೆಕ್ಸಿಕೊದ ರೈತರೂ ಅತ್ತಲೇ. ಆ ಪತಂಗವನ್ನು ಹುಡುಕುವವರು ಹಲಗೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಅದು ಮೊಟ್ಟೆಗಳನ್ನು ಒಂದರ ಮೇಲೊಂದು ಅಂಟಿಸಿ ಕಡ್ಡಿಯಂತೆ ಇಡುತ್ತದೆ. ನೋಡಿದರೆ ಥೇಟ್ ಕಳ್ಳಿಯ ಮುಳ್ಳೇ.