ಖುರ್ಚಿ ಮ್ಯಾಲಿನ ಕೆಂಪು ಟಾವೆಲ್

ಮೊನ್ನೆ ಬಾಜೂ ಮನಿ ವೈನಿಯವರ ಸೊಸಿ ಬಂದಿದ್ಲು. ಒಂದು ಯೂನಿವರ್ಸಿಟಿಯ ಆನ್‌ಲೈನ್ ಕೋರ್ಸಿನ ಆಫೀಸಿನಾಗ ಅಕಿಗೆ ಹೊಸದಾಗಿ ಕೆಲಸ ಸಿಕ್ಕದ. ವಾರದಾಗ ಮೂರು ದಿನ ಮನ್ಯಾಗ ಕೂತೇ ಮಾಡಬೇಕಂತ. "ಅಕ್ಕಾರ, ಲಾಕ್‌ಡೌನ್‌ದಾಗ ನೀವು ಮಾಡೀರಲ್ಲ, ಏನೇನು ತಯಾರಿ ಬೇಕು ಹೇಳ್ರಿ" ಅಂದ್ಲು. ಚಹಾ ಆರೂತನಕ ಹೇಳಿದೆ. ಅಕಿ ಹೋದ ಮ್ಯಾಲೆ ಅನಿಸ್ತು, ಮುಖ್ಯ ಮಾತೇ ಹೇಳಲಿಲ್ಲಲ್ಲಾ ಅಂತ. ಅದಕ್ಕ ಇಲ್ಲೆ ಬರೀಲಿಕತ್ತೇನಿ.

2020ರ ಮಾರ್ಚ್ 25ಕ್ಕ ದೇಶಕ್ಕ ದೇಶಾನೇ ಬಂದ್ ಆತಲ್ಲ, ಆವಾಗಿನ ಮಾತು. ನಾನು ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಾಗ ಇರಾಕಿ. "ಪರೀಕ್ಷಾನೇ ಇಲ್ಲಂದ್ರ ನಿನಗೇನು ಕೆಲಸ?" ಅಂತ ಎಲ್ಲಾರೂ ಕೇಳೋರು. ಜುಲೈದಾಗ ಯುಜಿಸಿಯವರು, ಕಡೀ ವರ್ಷದವರ ಪರೀಕ್ಷಾ ಸೆಪ್ಟೆಂಬರ್ ಮುಗಿಯೂದರೊಳಗ ಆಗಬೇಕು ಅಂದ್ರು. ಅಲ್ಲಿಂದ ನಮಗ ಉಸಿರು ಬಿಡ್ಲಿಕ್ಕೂ ಪುರಸೊತ್ತಿಲ್ಲ.

ಮೊದಲು ಸಾಮಾನಿನ ಮಾತು ಹೇಳ್ತೇನಿ. ನಮ್ಮ ವೈಫೈ ರೂಟರ್ ಬೆಡ್‌ರೂಮಿನಾಗ ಕಬ್ಬಿಣದ ತಿಜೋರಿ ಹಿಂದ ಇತ್ತು. ಚಂದ ಕಾಣಂಗಿಲ್ಲ ಅಂತ ನಾನೇ ಅಲ್ಲಿ ಇಡಿಸಿದ್ದೆ. ಕಬ್ಬಿಣ ಸಿಗ್ನಲ್ ತಡೀತದ. ರೂಟರ್ ಎತ್ತರಕ್ಕ, ಬಯಲಿಗೆ, ಆದಷ್ಟು ಮನಿ ನಡುವ ಇರಬೇಕು. ಇದು ಆಗ ನನಗ ಗೊತ್ತಿರಲಿಲ್ಲ. ಪಡಸಾಲಿ ಕಿಟಕಿ ಹತ್ರ ಫೋನಿಗೆ ಸಿಗ್ನಲ್ ಚಲೋ ಬರ್ತದಂತ, ಹಾಟ್‌ಸ್ಪಾಟ್ ಹಚ್ಚಿಕೊಂಡು ಅಲ್ಲೇ ಟೇಬಲ್ ಹಾಕಿದೆ. ಇದನ್ನ ನೆನಪಿಡ್ರಿ, ಮುಂದಿನ ರಾಮಾಯಣಕ್ಕೆಲ್ಲಾ ಇದೇ ಮೂಲ.

ಕಿಟಕಿ ಬೆನ್ನಿಗೆ ಮಾಡಿ ಕೂತ್ರ ಮುಖ ಕರೀ ಹಂಚಿನಂಗ ಕಾಣ್ತದ. ಬೆಳಕು ಮುಖಕ್ಕ ಬೀಳಬೇಕು. ಲ್ಯಾಪ್‌ಟಾಪ್ ತೆಳಗ ಇದ್ರ ಎದುರಿನವರಿಗೆ ನಮ್ಮ ಮೂಗಿನ ಹೊಳ್ಳಿ, ಮ್ಯಾಲಿನ ಫ್ಯಾನು ಅಷ್ಟೇ ದರ್ಶನ. ನಾನು ಚಪಾತಿ ಮಣಿ, ಅದರ ಮ್ಯಾಲೆ ಮಗನ ಎರಡು ಹಳೇ ಗೈಡ್ ಇಟ್ಟು ಎತ್ತರ ಮಾಡಿದ್ದೆ. ಮಗನ ಕ್ಲಾಸಿಗೂ ಅದೇ ಲ್ಯಾಪ್‌ಟಾಪ್. ಮಂದಿ ಮಕ್ಕಳ ಮಾರ್ಕ್ಸ್ ಅದರಾಗ ಇರ್ತಾವ ನೋಡ್ರಿ, ಅದಕ್ಕ ಅವಗ ಬ್ಯಾರೆ ಯೂಸರ್, ಬ್ಯಾರೆ ಪಾಸ್‌ವರ್ಡ್ ಮಾಡಿಕೊಟ್ಟೆ. ಎದ್ದು ಹೋಗೂಮುಂದ ವಿಂಡೋಸ್ ಬಟನ್ ಜೋಡಿ ಎಲ್ ಒತ್ತಿದ್ರ ಬೀಗ ಬೀಳ್ತದ. ಹಾಲು ಉಕ್ಕಿದ್ರೂ ಮೊದಲು ಬೀಗ, ಆಮ್ಯಾಲೆ ಹಾಲು.

ಸ್ಕ್ರೀನ್ ತೋರಿಸೂದಿದ್ರ ಬೇಕಾದ ಕಿಟಕಿ ಒಂದೇ ತೋರಿಸ್ರಿ, ಪೂರ್ತಿ ಸ್ಕ್ರೀನ್ ಬ್ಯಾಡ. ನಾನು ಪೂರ್ತಿ ತೋರಿಸಿದ ದಿನಾನೇ ನನ್ನ ತಂಗಿದು ವಾಟ್ಸಾಪ್ ಬಂತು: "ನಿಮ್ಮ ಸಾಹೇಬ್ರು ಇನ್ನೂ ಬಿಟ್ಟಿಲ್ಲೇನು?" ಸಾಹೇಬ್ರೇ ಓದಿ, "ಬಿಡ್ತೇನಿ ತಡೀರಿ" ಅಂದ್ರು.

ಇನ್ನ ಮೈಕ್. ಮೊದಲು ಝೂಮ್ ಇತ್ತು. ಪುಕ್ಕಟ ಇದ್ದದ್ದಕ್ಕ 40 ಮಿನಿಟಿಗೆ ತಾನೇ ಕಟ್ ಆಗ್ತಿತ್ತು, ಅದೊಂದು ಪುಣ್ಯ. ಸರ್ಕಾರಿ ಕೆಲಸಕ್ಕ ಝೂಮ್ ಬ್ಯಾಡ ಅಂತ ಏಪ್ರಿಲ್‌ದಾಗ ಕೇಂದ್ರ ಗೃಹ ಸಚಿವಾಲಯ ಹೇಳಿತು. ಆಮ್ಯಾಲೆ ಗೂಗಲ್ ಮೀಟಿಗೆ ಬಂದ್ವಿ, ಮೀಟಿಂಗಿಗೆ ಕೊನೀನೇ ಇಲ್ಲಧಂಗ ಆತು. ಅದರಾಗ ಕಂಟ್ರೋಲ್ ಜೋಡಿ ಡಿ ಒತ್ತಿದ್ರ ಮೈಕ್ ಬಂದ್. ಒಂದು ದಿನ ಒತ್ತೇನಿ ಅಂದ್ಕೊಂಡಿದ್ದೆ, ಒತ್ತಿರಲಿಲ್ಲ.

ನಮ್ಮ ಅತ್ತಿಯವರಿಗೆ ಆಗ 78. ಕಿವಿ ಸ್ವಲ್ಪ ಮಂದ. ಬೆಳಗಾವಿಯ ಮೌಶಿ, ಅಂದ್ರ ಅವರ ತಂಗಿ, ದಿನಾ ಹನ್ನೊಂದಕ್ಕ ಫೋನ್ ಮಾಡೋರು. ಅತ್ತಿಯವರ ದನಿ ಫೋನ್ ಇಲ್ಲದನೂ ಬೆಳಗಾವಿ ಮುಟ್ಟೂವಂಥಾದ್ದು. ಅವತ್ತ ನನ್ನ ಹಿಂದ ದಿವಾನದ ಮ್ಯಾಲೆ ಕೂತು, "ಇಕಿ ಇಲ್ಲೇ ಕೂತಾಳ. ಅದ್ಯಾವಾಂವೋ ಒಬ್ಬ ಮುಂಜಾನಿಂದ ಒದರ್ಲಿಕತ್ತಾನ, ಇಕಿ ಪಾಪ ಹೂಂ ಹೂಂ ಅಂತಾಳ" ಅಂದ್ರು. ಮೀಟಿಂಗಿನಾಗ ಒದರ್ಲಿಕತ್ತವರು ಗಪ್ ಆದ್ರು. ಉಳಿದವರು ಕ್ಯಾಮೆರಾ ಬಂದ್ ಮಾಡಿ ನಕ್ರು.

ಈಗ ನನಗೂ ನಗು ಬರ್ತದ. ಅವತ್ತ ಬರಲಿಲ್ಲ. ಮೀಟಿಂಗ್ ಮುಗಿದ ಮ್ಯಾಲೆ ಅತ್ತಿಯವರಿಗೆ, "ನಾ ಇಲ್ಲೆ ಕೂತಿರೂತನಕ ದಯಮಾಡಿ ಮಾತಾಡಬ್ಯಾಡ್ರಿ. ನನ್ನ ನೌಕರಿ ಪ್ರಶ್ನೆ ಅದ" ಅಂದುಬಿಟ್ಟೆ. ಅವರು ಒಂದು ಮಾತೂ ತಿರುಗಿ ಆಡಲಿಲ್ಲ.

ಮರುದಿನದಿಂದ ಮನಿ ಶಾಂತ ಆತು. ಟಿವಿ ದನಿ ಪೂರ್ತಿ ಇಳಿಸಿ ಸೀರಿಯಲ್ ನೋಡೋರು. ಆರತಿ ಹೊತ್ತಿನಾಗ ಗಂಟಿ ನಾಲಿಗಿ ಬೆರಳಾಗ ಹಿಡಿದು ಸುಮ್ಮನ ಅಲ್ಲಾಡಿಸೋರು. ನಾನು ನಮ್ಮ ಆಫೀಸಿನವರ ಮುಂದ, "ನಮ್ಮ ಮನ್ಯಾಗ ಭಾಳ ಅನುಕೂಲ ಅದ" ಅಂತ ಹೇಳ್ಕೋತಿದ್ದೆ.

ಎರಡು ತಿಂಗಳಿಗೆ ಬೆಳಗಾವಿ ಮೌಶಿ ನನ್ನ ಫೋನಿಗೇ ಮಾಡಿದ್ರು. "ನಮ್ಮಕ್ಕಗ ನನ್ನ ಮ್ಯಾಲೆ ಸಿಟ್ಟೇನವಾ? ಫೋನ್ ಎತ್ತವಲ್ಲಳು. ಈ ರೋಗದಾಗ ಯಾವಾಗ ಏನೋ, ಒಂದು ಮಾತಾಡಲಿ ಅಂತ ಹೇಳು." ಹಂಗಂತ ಕಣ್ಣೀರು ಹಾಕಿದ್ರು.

ಅತ್ತಿಯವರನ್ನ ಕೇಳಿದೆ. ಫೋನ್ ಬಟ್ಟಿ ಟ್ರಂಕಿನಾಗ ಶಾಲಿನಾಗ ಸುತ್ತಿಟ್ಟಿದ್ರು, ರಿಂಗ್ ಕೇಳಬಾರದಂತ. "ಅತ್ತೀ, ಮೀಟಿಂಗ್ ಇಲ್ಲದಾಗ ಮಾತಾಡಬಹುದಿತ್ತಲ್ಲರಿ?" ಅಂದೆ.

"ಅದು ನನಗ ಹೆಂಗ ತಿಳೀಬೇಕು ತಂಗಿ? ಮುಂಜಾನೆ ಹತ್ತಕ್ಕ ಕಿವ್ಯಾಗ ದಾರ ಹಾಕ್ಕೊಂಡು ಕೂಡ್ತಿ, ಸಂಜಿಗೆ ಏಳ್ತಿ. ನಾ ಸಣ್ಣಗ ಮಾತಾಡಿದ್ರ ನನಗೇ ಕೇಳಂಗಿಲ್ಲ. ಸುಮ್ಮನಿರೂದು ಚಲೋ ಅಂತ ಸುಮ್ಮನಾದೆ" ಅಂದ್ರು.

ನನ್ನ ಮೀಟಿಂಗ್ ದಿನಕ್ಕ ಹೆಚ್ಚಂದ್ರ ಒಂದೂವರಿ ತಾಸು. ಉಳಿದದ್ದೆಲ್ಲಾ ಮಾರ್ಕ್ಸ್ ಹಾಕೂದು, ಮೇಲ್ ಬರಿಯೂದು. ಅದಕ್ಕ ಯಾರ ಮಾತೂ ಅಡ್ಡಿ ಇರಲಿಲ್ಲ. ಪಡಸಾಲಿ ಅವರದು, ದಿವಾನ ಅವರದು, ಮಾವನವರು ಹೋದ ಮ್ಯಾಲೆ ದಿನಕ್ಕ ಅದೊಂದೇ ಫೋನು ಅವರಿಗೆ ಸಂಗತಿ. ಹತ್ತು ತಾಸು ಎಲ್ಲಾ ನಾನೇ ಹಿಡ್ಕೊಂಡು ಕೂತಿದ್ದೆ.

ಅವತ್ತೇ ಸಂಜೀಕ ಇವರು ತಿಜೋರಿ ಹಿಂದಿನ ರೂಟರ್ ತಗದು ನಡುಮನಿ ಗ್ವಾಡಿಗೆ ಎತ್ತರಕ್ಕ ಹಚ್ಚಿದ್ರು, ಇನ್ವರ್ಟರಿಗೂ ಜೋಡಿಸಿದ್ರು. ಕರೆಂಟ್ ಹೋದ್ರೂ ಚಿಂತಿಲ್ಲ. ನನ್ನ ಟೇಬಲ್ ಬೆಡ್‌ರೂಮಿಗೆ ಹೋತು. ಇಷ್ಟು ಕೆಲಸಕ್ಕ ಅರ್ಧಾ ತಾಸೂ ಹಿಡೀಲಿಲ್ಲ. ಮುಂಜಾನೆ ಎದ್ದಕೂಡ್ಲೆ ಅವತ್ತಿನ ಮೀಟಿಂಗ್ ಹೊತ್ತು ಕ್ಯಾಲೆಂಡರ್ ಮ್ಯಾಲೆ ಕನ್ನಡದಾಗ ಬರಿಯೂದು ರೂಢಿ ಮಾಡಿದೆ. ಮೀಟಿಂಗ್ ಚಾಲೂ ಇದ್ದಾಗ ಖುರ್ಚಿ ಬೆನ್ನಿಗೆ ಕೆಂಪು ಟಾವೆಲ್, ಮುಗೀತಂದ್ರ ತಗದುಬಿಡೂದು. ಬಾಗಲಾಗ ನಿಂತು ನೋಡಿದ್ರ ತಿಳೀತದ. ಹನ್ನೊಂದಕ್ಕ ಮೀಟಿಂಗ್ ಇಟ್ರ, "ಸರ್, ಹನ್ನೊಂದೂವರಿಗೆ ಆಗ್ತದೇನ್ರಿ?" ಅಂತ ಕೇಳ್ಲಿಕ್ಕೂ ಕಲಿತೆ. ಬಹಳ ಸಲ ಆಗ್ತಿತ್ತು.

ಬಾಜೂ ಮನಿ ಹುಡುಗಿಗೆ ಹೇಳೂದು ಇಷ್ಟೇ. ರೂಟರ್, ಬೆಳಕು, ಹೆಡ್‌ಫೋನ್ ಎಲ್ಲಾ ನೋಡ್ಕೋ. ಮನಿ ಮಂದಿಗೆ ಸುಮ್ಮನಿರ್ರಿ ಅಂತ ಹೇಳಿದ್ರ, ಮತ್ತ ಯಾವಾಗ ಮಾತಾಡಬಹುದು ಅನ್ನೂದನ್ನೂ ಅವತ್ತೇ ಹೇಳು. ಹಿರೇರು ತಾವಾಗೇ ಕೇಳಂಗಿಲ್ಲ.

ಈಗ ನಾನು ದಿನಾ ಆಫೀಸಿಗೆ ಹೋಗ್ತೇನಿ. ಮೊನ್ನೆ ರಜಾ ಇತ್ತು, ಹನ್ನೊಂದರ ಸುಮಾರಿಗೆ ಮಿಕ್ಸರ್ ಹಚ್ಚಲಿಕ್ಕೆ ಹೋಗಿದ್ದೆ. ಪಡಸಾಲ್ಯಾಗ ಅತ್ತಿಯವರು ಫೋನ್ ಹಿಡಿದು ಕೂತಿದ್ರು. ದಿವಾನದ ಬೆನ್ನಿಗೆ ಕೆಂಪು ಟಾವೆಲ್ ಇತ್ತು. ಚಟ್ನಿ ಆಮ್ಯಾಲೆ ಮಾಡಿದೆ.